ಲಿಡಿಯಾಳ ಮನೆಯ ಸಣ್ಣ ಮೇಜು

ಸೆಗಯಾ, ಮನಾಮ
ಬಹ್ರೈನ್
14 ನವೆಂಬರ್ 2025, ಶುಕ್ರವಾರ

ಪ್ರೀತಿಯ ವಿನ್ನಿ,

ಈ ಸಾಲನ್ನು ಓದುತ್ತಿದ್ದೀ ಎಂದರೆ ನನ್ನ ಅಕ್ಷರ ಗುರುತು ಹಿಡಿದ ಮೇಲೂ ನೀನು ಕವರ್ ಒಡೆದಿದ್ದೀ. ಅಷ್ಟಕ್ಕೇ ದೇವರಿಗೆ ಸ್ತುತಿ, ಮಗಳೇ.

ನೀನು ಕಾರ್ಕಳದ ಬೋರ್ಡಿಂಗಿನಲ್ಲಿದ್ದಾಗ ಬರೆಯುತ್ತಿದ್ದ ಹಾಗೆ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಇಲ್ಲಿ ನಮ್ಮ ನೆರೆಯ ನೆಲ್ಲಿ ಆಂಟಿಯ ತಂಗಿಯ ಮಗಳು ಧಾರವಾಡದಲ್ಲಿ ನಿನ್ನ ಶಾಲೆಯಲ್ಲೇ ಟೀಚರ್ ಅಂತೆ. ನಿನ್ನ ನಂಬರೂ ವಿಳಾಸವೂ ಈ ತಿಂಗಳ ಮೊದಲಲ್ಲಿ ಅವಳಿಂದ ಸಿಕ್ಕಿತು. ಆದರೆ ಫೋನಿನಲ್ಲಿ ನಾನು ಎದುರಿನವರ ದನಿ ಹೇಗಿದೆ ನೋಡಿ ಮಾತು ಬದಲಿಸುವವಳು. ಅದು ನನಗೆ ಗೊತ್ತು. ನಿನಗೂ ಈ ಪತ್ರ ಮುಗಿಯುವಾಗ ಗೊತ್ತಾಗುತ್ತದೆ. ನೆಲ್ಲಿ ನಾಳೆ ಊರಿಗೆ ಹೊರಟಿದ್ದಾಳೆ. ಮಂಗಳೂರಿನಲ್ಲಿ ಇಳಿದ ಮೇಲೆ ಸ್ಪೀಡ್ ಪೋಸ್ಟ್ ಮಾಡುತ್ತೇನೆ ಎಂದಿದ್ದಾಳೆ.

ನಾವು ಈಗ ಅವಾಲಿಯಲ್ಲಿಲ್ಲ. ಪಪ್ಪ ನಿವೃತ್ತರಾಗಿ ಎರಡು ವರ್ಷವಾಯಿತು. ಅಲ್ಲಿಯ ಕಂಪನಿ ಮನೆ ಬಿಟ್ಟು ಇಲ್ಲಿ ಮೂರನೇ ಮಹಡಿಯ ಎರಡು ಕೋಣೆಯ ಫ್ಲಾಟಿಗೆ ಬಂದೆವು. ಕೆಳಗೆ ಉಳ್ಳಾಲದ ಇದಿನಬ್ಬನವರ ಚಾದ ಅಂಗಡಿ. ಪಪ್ಪ ಬೆಳಿಗ್ಗೆಯೆಲ್ಲ ಅಲ್ಲೇ. ಯಾರ ಗಾಡಿ ಏನು ಸದ್ದು ಮಾಡುತ್ತದೆ ಎಂದು ಕೂತಲ್ಲಿಂದಲೇ ಹೇಳುತ್ತಾರೆ. ಅವರ ಮೊಣಕಾಲು ಸರಿಯಿಲ್ಲ, ಉಳಿದದ್ದು ಪರವಾಗಿಲ್ಲ.

ಕಳೆದ ತಿಂಗಳು ಅಮೆರಿಕಕ್ಕೆ ಹೋಗಿದ್ದೆವು. ಪಪ್ಪನ ಅಣ್ಣನ ಮಗ ಜೆರಿಯ ಮದುವೆ ಇತ್ತು. ಮದುವೆ ನೆಪ, ಪಪ್ಪನಿಗೆ ಬೇಕಾಗಿದ್ದದ್ದು ಬೇರೆ. ನಿನಗೆ ನೆನಪಿರಬಹುದು, ಅವಾಲಿಯ ವರ್ಕ್‌ಶಾಪಿನಲ್ಲಿ ಒಬ್ಬ ಇಂಗ್ಲಿಷ್ ಎಂಜಿನಿಯರ್ ರಜೆಯ ಫೋಟೋ ತೋರಿಸಿದ್ದ, ಒಳಗೇ ಮಂಚ, ಒಲೆ, ಕಕ್ಕಸು ಎಲ್ಲ ಇರುವ ಗಾಡಿಯದ್ದು. ಆವತ್ತಿನಿಂದ ಪಪ್ಪನಿಗೆ ಅದೇ ಹುಚ್ಚು. ಬೇರೆಯವರ ಗಾಡಿ ರಿಪೇರಿ ಮಾಡುತ್ತ ಮೂವತ್ತೆಂಟು ವರ್ಷ ಕಳೆದವರು, ಒಂದು ಸಲ ಅಂಥ ಗಾಡಿಯನ್ನು ತಾನೇ ಓಡಿಸಬೇಕು ಎಂದು ಕಾದು ಕೂತಿದ್ದರು. ಮದುವೆ ಮುಗಿದ ಮರುದಿನ ಹನ್ನೆರಡು ದಿನಕ್ಕೆ ಒಂದು ಮೋಟರ್‌ಹೋಮ್ ಬಾಡಿಗೆಗೆ ಹಿಡಿದೆವು. ಇಲ್ಲಿಯ ಹಾಗೆ ಅಲ್ಲಿಯೂ ರಸ್ತೆಯ ಬಲಗಡೆಯೇ ಓಡಿಸುವುದು, ಹಾಗಾಗಿ ಅವರಿಗೆ ಹೆದರಿಕೆ ಇರಲಿಲ್ಲ. ಹೆದರಿಕೆ ನನಗೆ. ಪ್ರತಿ ತಿರುವಿಗೆ ಒಳಗೆ ಪಾತ್ರೆಗಳು ದಡಬಡ ಎನ್ನುತ್ತಿದ್ದವು.

ಪೆನ್ಸಿಲ್ವೇನಿಯಾದಲ್ಲಿ ಆಮಿಶ್ ಎನ್ನುವ ಕ್ರೈಸ್ತರ ಊರುಗಳಿವೆ. ಮನೆಗೆ ಕರೆಂಟು ಎಳೆಸುವುದಿಲ್ಲ, ಕಾರು ಇಟ್ಟುಕೊಳ್ಳುವುದಿಲ್ಲ. ಕುದುರೆಗಾಡಿಯಲ್ಲೇ ಓಡಾಟ. ಗಂಡಸರಿಗೆ ಗಡ್ಡ ಉಂಟು, ಮೀಸೆ ಇಲ್ಲ. ಹೆಂಗಸರ ತಲೆಗೆ ಬಿಳಿಯ ತೆಳು ಟೊಪ್ಪಿ. ಮೊದಲ ಹುಡುಗಿಯನ್ನು ಕಂಡಾಗಲೇ ನೀನು ಸಿಸ್ಟರ್ ಆಗುವ ತರಬೇತಿಗೆ ನೊವಿಸಿಯೇಟಿನಲ್ಲಿದ್ದಾಗ ಕಳಿಸಿದ ಫೋಟೋ ಕಣ್ಣ ಮುಂದೆ ಬಂತು. ಪಪ್ಪನಿಗೂ ಬಂದಿರಬೇಕು.

ಆ ಮೊದಲ ಐದು ದಿನ ನಾವು ಮದುವೆಯಾದ ಹೊಸತರಂತೆ ಇತ್ತು, ವಿನ್ನಿ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಗಾಡಿಯ ಸಣ್ಣ ಒಲೆಯಲ್ಲಿ ಗಂಜಿ ಬೇಯಿಸಿ, ಊರಿನ ಮಾವಿನ ಉಪ್ಪಿನಕಾಯಿ ಹಾಕಿ, ಕುಂಬಳಕಾಯಿ ಗದ್ದೆಯ ಬದಿಯಲ್ಲಿ ಕುರ್ಚಿ ಹಾಕಿ ಕೂತು ಉಣ್ಣುತ್ತಿದ್ದೆವು. ಮುಂದೆ ಕುದುರೆಗಾಡಿ ಸಿಕ್ಕಿದರೆ ಪಪ್ಪ ಮೈಲುಗಟ್ಟಲೆ ಅದರ ಹಿಂದೆಯೇ ಮೆಲ್ಲಗೆ ಹೋಗುವುದು, ಹಾರ್ನ್ ಹಾಕುವುದಿಲ್ಲ. ಹಿಂದೆ ಹತ್ತು ಕಾರು ಸಾಲುಗಟ್ಟಿವೆ, ದಾಟಿಸಿ ಎಂದು ನಾನು ಹೇಳಿದರೆ, “ಕುದುರೆಗೆ ಹೆದರಿಕೆ ಆಗ್ಬಾರ್ದು ಮಾರಾಯ್ತಿ, ನಮಗೆಂತ ಡ್ಯೂಟಿಗೆ ಹೋಗ್ಲಿಕ್ಕುಂಟಾ?” ಎನ್ನುತ್ತಿದ್ದರು.

ಆರನೆಯ ದಿನ ಶನಿವಾರ. ಗಾಡಿಯ ನೀರಿನ ಪಂಪು ಕೈಕೊಟ್ಟಿತು, ಒಳಗೆಲ್ಲ ನೀರು. ಜಾಮ್ ಮತ್ತು ಕುಂಬಳಕಾಯಿ ಮಾರುತ್ತಿದ್ದ ಒಂದು ತೋಟದ ಮನೆಯ ಬದಿಗೆ ನಿಲ್ಲಿಸಿದೆವು. ಲಿಡಿಯಾ ಎನ್ನುವ ಮುದುಕಿ ಹೊರಗೆ ಬಂದಳು. ಎಪ್ಪತ್ತು ದಾಟಿದೆ, ಗಂಡ ಇಲ್ಲ, ಮಗ ಸೊಸೆಯ ಜೊತೆಗಿದ್ದಾಳೆ. ಪಪ್ಪ ಗಾಡಿಯ ಅಡಿಗೆ ಮಲಗಿದ್ದನ್ನು ನೋಡಿ ಅವಳ ಮಗ ತಾನೇ ಒಂದು ರಬ್ಬರ್ ಪೈಪಿನ ತುಂಡು ತಂದುಕೊಟ್ಟ. ಸಾಮಾನು ಸಾಲಲಿಲ್ಲ. ನಾಳೆ ಭಾನುವಾರ, ಅಂಗಡಿ ತೆರೆಯುವುದಿಲ್ಲ, ಅಂಗಳದಲ್ಲೇ ನಿಲ್ಲಿಸಿಕೊಳ್ಳಿ, ಮಧ್ಯಾಹ್ನ ನಮ್ಮೊಟ್ಟಿಗೆ ಊಟಕ್ಕೆ ಬನ್ನಿ ಎಂದಳು ಲಿಡಿಯಾ.

ಆ ಊಟದ ವಿಷಯ ಸರಿಯಾಗಿ ಬರೆಯಬೇಕು.

ಉದ್ದದ ಮೇಜಿನ ಸುತ್ತ ಹನ್ನೊಂದು ಮಂದಿ ಕೂತಿದ್ದೆವು. ಪಕ್ಕದಲ್ಲಿ, ಒಂದು ಮೊಳ ಜಾಗ ಬಿಟ್ಟು, ಒಬ್ಬರೇ ಕೂರುವಷ್ಟು ಸಣ್ಣ ಮೇಜು. ಅದಕ್ಕೂ ಅದೇ ಬಟ್ಟೆ, ಅದೇ ತಟ್ಟೆ. ಮಕ್ಕಳಿಗಿರಬೇಕು ಎಂದುಕೊಂಡೆ. ಆಗ ಹೊರಗೆ ರಸ್ತೆಯಲ್ಲಿ ಕಾರು ನಿಲ್ಲಿಸಿ ನಲವತ್ತರ ಹತ್ತಿರದ ಒಬ್ಬಳು ನಡೆದು ಬಂದಳು. ನಮ್ಮ ನಿಮ್ಮ ಹಾಗಿನ ಬಟ್ಟೆ, ತಲೆಗೆ ಟೊಪ್ಪಿ ಇಲ್ಲ. ಕೈಯಲ್ಲಿ ತಾನೇ ಬೇಯಿಸಿದ ಬ್ರೆಡ್ಡು. ಅದನ್ನು ಲಿಡಿಯಾಳ ಕೈಗೆ ಕೊಡಲಿಲ್ಲ, ಕಿಟಕಿಯ ಹಲಗೆಯ ಮೇಲೆ ಇಟ್ಟಳು. ಲಿಡಿಯಾ ಅಲ್ಲಿಂದ ಎತ್ತಿಕೊಂಡಳು. ಆಮೇಲೆ ಬಂದವಳು ಹೋಗಿ ಆ ಸಣ್ಣ ಮೇಜಿಗೆ ಕೂತಳು. ಎಲ್ಲರೂ ತಲೆ ಬಗ್ಗಿಸಿ ಪ್ರಾರ್ಥನೆ ಮಾಡಿದರು. ಅವಳೂ ಮಾಡಿದಳು.

ಊಟವಾಗಿ ಅವಳು ಹೊರಟ ಮೇಲೆ ಪಪ್ಪ ತಡೆಯಲಾರದೆ ಕೇಳಿದರು. ಅವಳು ನನ್ನ ಮಗಳು ಎಂದಳು ಲಿಡಿಯಾ. ಇಪ್ಪತ್ತರಲ್ಲಿ, ಸಭೆಯಲ್ಲೇ ಇರುತ್ತೇನೆ ಎಂದು ದೇವರ ಮುಂದೆ ಮಾತು ಕೊಟ್ಟಿದ್ದಳು, ಇಪ್ಪತ್ತನಾಲ್ಕರಲ್ಲಿ ಓದಬೇಕು ಎಂದು ಬಿಟ್ಟು ಹೋದಳು. ಮಾತು ಕೊಡದೆ ಹೋಗಿದ್ದರೆ ಏನೂ ಇರಲಿಲ್ಲ. ಕೊಟ್ಟು ಮುರಿದವರ ಜೊತೆ ಒಂದೇ ಮೇಜಿನಲ್ಲಿ ಉಣ್ಣಬಾರದು, ಅವರ ಕೈಯಿಂದ ಏನೂ ತೆಗೆದುಕೊಳ್ಳಬಾರದು, ಅದು ನಮ್ಮ ಸಭೆಯ ನಿಯಮ. “ಉಣ್ಣಿಸಬಾರದು ಅಂತ ನಿಯಮ ಇಲ್ಲ,” ಎಂದಳು. “ಹದಿನೈದು ವರ್ಷದಿಂದ ಆ ಮೇಜನ್ನು ನಾನೇ ಹಾಕುವುದು. ಅವಳು ಬಾರದ ಭಾನುವಾರವೂ ಹಾಕುತ್ತೇನೆ.”

ಪಪ್ಪ ಕೈ ಚಾಚಿ ಆ ಸಣ್ಣ ಮೇಜಿನ ಬಟ್ಟೆಯ ಸುಕ್ಕು ಸರಿ ಮಾಡಿದರು. ಆಮೇಲೆ ತಮ್ಮ ಹರುಕು ಇಂಗ್ಲಿಷಿನಲ್ಲಿ ಆ ಗುರುತಿಲ್ಲದ ಹೆಂಗಸಿಗೆ ಹೇಳಿದರು: ನನಗೂ ಒಬ್ಬಳೇ ಮಗಳು. ಅವಳೂ ಮಾತು ಕೊಟ್ಟು ಕನ್ಯಾಸ್ತ್ರೀ ಆಗಿದ್ದಳು, ಹೊರಗೆ ಬಂದಳು. ಮನೆಗೆ ಬಂದಿದ್ದರೆ ನನ್ನ ತಟ್ಟೆಯಲ್ಲೇ ಉಣ್ಣಿಸುತ್ತಿದ್ದೆ ಅಮ್ಮ. ಆದರೆ ನಮ್ಮ ಮುಖ ನೋಡುವುದು ಬೇಡ ಎಂದು ಅವಳೇ ಹೇಳಿದಳು. ಹೇಳುತ್ತ ಹೇಳುತ್ತ ಅತ್ತರು. ನನ್ನ ಗಂಡ ಅತ್ತದ್ದನ್ನು ನಾನು ನೋಡಿದ್ದು ಅದು ಎರಡನೆಯ ಸಲ.

ಇದನ್ನು ಓದಿ ನಿನಗೆ ತಲೆ ತಿರುಗಬಹುದು. ಯಾಕೆಂದರೆ ನಿನಗೆ ಗೊತ್ತಿರುವ ಕಥೆಯೇ ಬೇರೆ.

2017ರ ಮಾರ್ಚ್‌ನಲ್ಲಿ ನೀನು ಮಂಗಳೂರಿನ ಹಾಸ್ಟೆಲಿನಿಂದ ಫೋನ್ ಮಾಡಿದೆ. “ಮಮ್ಮಿ, ನಾನು ಹೊರಗೆ ಬಂದೆ. ಸ್ವಲ್ಪ ದಿನ ಅಲ್ಲಿಗೆ ಬರ್ಲಾ?” ಅಂದೆ. ಪಪ್ಪ ನಿನ್ನ ಮುಖ ನೋಡಲಿಕ್ಕಿಲ್ಲ ಎಂದಿದ್ದಾರೆ ಎಂದು ನಾನು ಹೇಳಿದೆ. ಪಪ್ಪ ಆಗ ಡ್ಯೂಟಿಯಲ್ಲಿದ್ದರು. ಅವರಿಗೆ ವಿಷಯವೇ ಗೊತ್ತಿರಲಿಲ್ಲ.

ಸಂಜೆ ಅವರು ಬಂದು ಕೈ ತೊಳೆಯುತ್ತಿರುವಾಗ ಹೇಳಿದೆ. ಟವೆಲು ಹಿಡಿದುಕೊಂಡೇ, “ಪಾಪ, ಒಬ್ಬಳೇ ಎಂತ ಮಾಡ್ತಾಳೆ? ನಾಳೆಯೇ ವಿಸಿಟ್ ವೀಸಾ ಹಾಕುವ,” ಎಂದರು. ಬೇಡ ಅಂತೆ, ಅವಳಿಗೆ ನಾವು ಬೇಡ ಅಂತೆ, ಫೋನೂ ಮಾಡಬಾರದು ಅಂದಳು ಎಂದೆ. ಅದು ಅವರು ಅತ್ತ ಮೊದಲನೆಯ ಸಲ. ನೀನು ಮತ್ತೆರಡು ಬಾರಿ ಫೋನ್ ಮಾಡಿದೆ. ಮೂರನೆಯದಕ್ಕೆ ನಾನು ನಿನ್ನ ನಂಬರನ್ನೇ ಬ್ಲಾಕ್ ಮಾಡಿದೆ. ಮರುವರ್ಷ ರಜೆಯಲ್ಲಿ ಊರಿಗೆ ಹೋದಾಗ ಪಪ್ಪ ಎರಡು ದಿನ ಆ ಹಾಸ್ಟೆಲಿನ ಗೇಟಿನಲ್ಲಿ ನಿಂತಿದ್ದರು. ನೀನು ಬಿಟ್ಟು ಹೋಗಿ ಆರು ತಿಂಗಳಾಯಿತು, ಎಲ್ಲಿಗೆಂದು ಗೊತ್ತಿಲ್ಲ ಎಂದರಂತೆ ವಾರ್ಡನ್. ಬಂದು ನನಗೆ ಹೇಳಿದ್ದು, “ಮಗು ಬೇಡ ಅಂದ ಮೇಲೆ ಹುಡುಕಿ ಉಪದ್ರ ಕೊಡ್ಬಾರ್ದು.”

ಯಾಕೆ ಹಾಗೆ ಮಾಡಿದೆ ಎಂದು ಕೇಳುತ್ತೀ. ನಿನಗೆ ಐದು ವರ್ಷವಿದ್ದಾಗ ಮೆದುಳು ಜ್ವರ ಬಂದಿತ್ತಲ್ಲ. ನಾನು ನರ್ಸ್, ಚಾರ್ಟ್ ಓದಲು ಬರುತ್ತಿತ್ತು. ಡಾಕ್ಟರು ಹೇಳದೆ ಬಿಟ್ಟದ್ದೂ ಗೊತ್ತಾಗುತ್ತಿತ್ತು. ಆವತ್ತು ಅತ್ತೂರಿನ ಸಂತ ಲಾರೆನ್ಸರಿಗೆ ಹರಕೆ ಹೇಳಿದೆ, ಮಗು ಬದುಕಿದರೆ ಅದು ದೇವರಿಗೆ ಎಂದು. ನಿನಗೆ ಹದಿನೆಂಟು ತುಂಬಿದಾಗ ಆ ಹರಕೆಯನ್ನು ನಿನ್ನ ಹೆಗಲಿಗೆ ಹಾಕಿದೆ. ನಿನಗೆ ದೇವರ ಕರೆ ಇತ್ತೋ, ನನ್ನ ಕರೆ ಮಾತ್ರ ಇತ್ತೋ, ನಾನು ಕೇಳಲೇ ಇಲ್ಲ. ಹರಕೆಯ ಹೆದರಿಕೆ ಒಂದು ಕಡೆ. ಅದರ ಬದಿಗೆ ಇನ್ನೊಂದು ಉಂಟು, ಅದನ್ನು ಬರೆಯುವುದು ಹೆಚ್ಚು ಕಷ್ಟ. ಇಲ್ಲಿಯ ಇಗರ್ಜಿಯಲ್ಲಿ ಎಲ್ಲರೂ ನನ್ನನ್ನು ‘ಸಿಸ್ಟರ್‌ನ ಮಮ್ಮಿ’ ಎನ್ನುತ್ತಿದ್ದರು. ಮುಂದಿನ ಬೆಂಚಿನಲ್ಲಿ ಜಾಗ ಬಿಡುತ್ತಿದ್ದರು. ಆ ಹೆಸರು ಬಿಡಲು ನನ್ನಿಂದ ಆಗಲಿಲ್ಲ. ನೀನು ರಾಂಚಿಯ ಮಿಷನ್ನಿನಲ್ಲಿದ್ದೀ ಎಂದು ಇಷ್ಟು ವರ್ಷವೂ ಹೇಳಿಕೊಂಡು ಬಂದೆ. ಯಾರಾದರೂ ನಿನ್ನ ವಿಷಯ ಕೇಳಿದರೆ ಪಪ್ಪ ಮೆಲ್ಲಗೆ ಎದ್ದು ಕಾರಿನ ಹತ್ತಿರ ಹೋಗಿ ನಿಲ್ಲುತ್ತಿದ್ದರು.

ಲಿಡಿಯಾಳ ಮನೆಯಿಂದ ಹೊರಗೆ ಬಂದ ಮೇಲೆ ಅದೇ ಮಧ್ಯಾಹ್ನ ಗಾಡಿಯಲ್ಲಿ ಅವರಿಗೆ ಎಲ್ಲ ಹೇಳಿದೆ. ಮುದುಕಿ ನಿಯಮದ ಒಳಗೇ ಇದ್ದುಕೊಂಡು ಮಗಳಿಗೆ ದಾರಿ ಮಾಡಿದ್ದಳು. ನನಗೆ ಯಾವ ಪಾದ್ರಿಯೂ ಯಾವ ನಿಯಮವನ್ನೂ ಹೇಳಿರಲಿಲ್ಲ, ಬಾಗಿಲು ಹಾಕಿದ್ದು ನಾನೇ.

ಪಪ್ಪ ಪಂಪಿನ ಪೈಪಿಗೆ ತಂತಿ ಸುತ್ತುತ್ತಿದ್ದರು. ಕೈ ನಿಂತಿತು. ಬಯ್ಯಲಿಲ್ಲ. “ಅವಳು ಎಷ್ಟು ಸಲ ಫೋನ್ ಮಾಡಿದ್ದು?” ಎಂದು ಮಾತ್ರ ಕೇಳಿದರು. ಮೂರು ಎಂದೆ. “ಮೂರು ಸಲ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಚಪ್ಪಲಿ ಹಾಕಿ ಇಳಿದು, ಕೊಯ್ದ ಜೋಳದ ಗದ್ದೆಯ ಬದಿಯಲ್ಲಿ ನಡೆದುಹೋದರು. ಆ ಮೊಣಕಾಲಿನಲ್ಲಿ ಎರಡು ಗಂಟೆ ನಡೆದರು. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಲಿಡಿಯಾ ದೂರದಿಂದ ನೋಡಿದಳು, ಹತ್ತಿರ ಬರಲಿಲ್ಲ. ಅವಳಿಗೆ ಅರ್ಥವಾಗಿರಬೇಕು.

ಉಳಿದ ಐದು ದಿನ ಆ ಗಾಡಿಯಲ್ಲೇ ಕಳೆದೆವು. ಮನೆಯಾದರೆ ಬೇರೆ ಕೋಣೆಗೆ ಹೋಗಬಹುದು, ಮೋಟರ್‌ಹೋಮಿನಲ್ಲಿ ಒಬ್ಬರು ತಿರುಗಬೇಕಾದರೆ ಇನ್ನೊಬ್ಬರು ಗೋಡೆಗೆ ಅಂಟಬೇಕು. ನಾನು ಮುಂದಿನ ಸೀಟಿನಲ್ಲಿ ಕೂರಲಿಲ್ಲ, ಹಿಂದೆ ಮಂಚದ ಮೇಲೆ ಕೂತು ಅವರ ಬೆನ್ನು ನೋಡುತ್ತಿದ್ದೆ. ಗ್ಯಾಸ್ ಆಫ್ ಮಾಡಿದ್ದೀಯಾ, ಕಿಟಕಿ ಹಾಕಿದ್ದೀಯಾ, ಇಷ್ಟೇ ಮಾತು. ಕುದುರೆಗಾಡಿ ಸಿಕ್ಕಿದರೆ ಈಗ ದಾಟಿಸಿ ಮುಂದೆ ಹೋಗುತ್ತಿದ್ದರು. ಮೂವತ್ತು ವರ್ಷ ಕಾದ ಪ್ರಯಾಣವನ್ನು ಬೇಗ ಮುಗಿಸಬೇಕು ಎನ್ನುವ ಹಾಗೆ. ಅವರಿಂದ ಮಗಳನ್ನು ಕಿತ್ತುಕೊಂಡದ್ದು ಸಾಲದೆ ಆ ಸಂತೋಷವನ್ನೂ ಕಿತ್ತುಕೊಂಡೆ ಎಂದು ಅನ್ನಿಸಿತು. ಹೇಳದೆ ಇದ್ದಿದ್ದರೆ? ಅದನ್ನೂ ಯೋಚಿಸಿದೆ, ಸುಳ್ಳಾಡುವುದಿಲ್ಲ.

ಬಹ್ರೈನಿಗೆ ಬಂದ ಮೇಲೂ ನಮ್ಮಲ್ಲಿ ಮಾತು ಕಡಿಮೆ. ಕಳೆದ ಶುಕ್ರವಾರ ಪೂಜೆ ಮುಗಿದ ಮೇಲೆ ಮೆಲಿಸ್ಸಾ ಎನ್ನುವ ಹೊಸ ಹುಡುಗಿ, “ಆಂಟಿ, ನಿಮ್ಮ ಮಗಳು ಸಿಸ್ಟರ್ ಅಂತೆ ಅಲ್ವಾ?” ಎಂದು ಕೇಳಿದಳು. ಅಲ್ಲ, ಧಾರವಾಡದಲ್ಲಿ ಟೀಚರ್, ಕಿವಿ ಕೇಳದ ಮಕ್ಕಳಿಗೆ ಕಲಿಸುತ್ತಾಳೆ ಎಂದೆ. ಕಾರಿನತ್ತ ಹೊರಟಿದ್ದ ಪಪ್ಪ ತಿರುಗಿ ನೋಡಿದರು. ಇಷ್ಟು ಸಣ್ಣ ಸತ್ಯಕ್ಕೆ ಎಂಟು ವರ್ಷ ಹಿಡಿಯಿತು ನನಗೆ.

ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅದನ್ನೂ ಹರಕೆಯ ಹಾಗೆ ನಿನ್ನ ಹೆಗಲಿಗೆ ಹಾಕಿದಂತೆ. ಒಂದು ಮಾತು ಮಾತ್ರ ನಿನಗೆ ತಲುಪಬೇಕು: ನೀನು ಮನೆಗೆ ಬೇಡವಾದ ದಿನ ಒಂದೂ ಇರಲಿಲ್ಲ. ನಿನ್ನ ಪಪ್ಪನ ಮಟ್ಟಿಗೆ ಒಂದೂ ಇರಲಿಲ್ಲ.

ನಿನ್ನ ಮಮ್ಮಿ,
ಕ್ಲೊಟಿಲ್ಡಾ

ಮತ್ತೆ ಸೇರಿಸಿದ್ದು: ಕವರ್ ಅಂಟಿಸಿದ್ದೆ, ಪುನಃ ಒಡೆದು ಬರೆಯುತ್ತಿದ್ದೇನೆ. ಪಪ್ಪ ಬರುವ ಗುರುವಾರ ನಿನ್ನಲ್ಲಿಗೆ ಬರುತ್ತಾರೆ, ಒಬ್ಬರೇ. ಈ ಪತ್ರದ ವಿಷಯ ಅವರಿಗೆ ಗೊತ್ತಿಲ್ಲ. ಟಿಕೆಟ್ ಮಾಡಿದ ದಿನ ನನಗೆ ಹೇಳಿದರು: “ಆವತ್ತು ಬೇಡ ಅಂದದ್ದು ನಾನೇ ಅಂತ ವಿನ್ನಿಗೆ ಹೇಳ್ತೇನೆ. ನನ್ನ ಮೇಲೆ ಕೋಪ ಮಾಡಿ ಅವಳಿಗೆ ಅಭ್ಯಾಸ ಆಗಿದೆ. ಮಮ್ಮಿಯೂ ಇಲ್ಲದ ಹಾಗೆ ಆಗ್ಬಾರ್ದು ಅವಳಿಗೆ.” ನಾನು ಆಗಲಿ ಎಂದೆ, ವಿನ್ನಿ. ಎದೆಯ ಭಾರ ಇಳಿದಂತೆಯೂ ಆಯಿತು. ನಾಲ್ಕು ದಿನ ಹಾಗೆಯೇ ಹಗುರವಾಗಿ ಓಡಾಡಿದೆ. ಅವರು ಬಂದು ಆ ಮಾತು ಶುರು ಮಾಡಿದರೆ ಮುಗಿಸಲು ಬಿಡಬೇಡ.