ನನ್ನಜ್ಜಿ ‘ಸದರಿ’ಯಲ್ಲ

ಮರಣದ ದಾಖಲೆಗಳಿಗೆ ಕಾವಲು ಕೂತಿರುವ ಮಾನ್ಯರೇ,

ಗಂಡ ಮತ್ತು ಮೂವರು ಮಕ್ಕಳಿದ್ದ ನನ್ನ ಅಜ್ಜಿಯನ್ನು ನಿಮ್ಮ ಕಚೇರಿ ಎಂಬತ್ತೇಳು ವರ್ಷಗಳಿಂದ ದಿಕ್ಕಿಲ್ಲದವಳನ್ನಾಗಿ ಇಟ್ಟಿದೆ. ಅದಕ್ಕೆ ಬೇಕಾದದ್ದು ಒಂದೇ ಪದ: ‘ಸದರಿ’. ತಿದ್ದಿ ಎಂದು ಮೂರು ಅರ್ಜಿ ಕೊಟ್ಟೆ. ಗೋಡೆಗೆ ಹೇಳಿದ ಹಾಗಾಯಿತು. ಆದ್ದರಿಂದ ನಾಲ್ಕನೆಯದನ್ನು ಎಲ್ಲರೂ ಓದಲಿ ಎಂದೇ ಬರೆಯುತ್ತಿದ್ದೇನೆ.

ನಾನು ಹೆಚ್ಚು ಓದಿದವನಲ್ಲ. ನೆಂಟರಿಷ್ಟರಿಗೆ ಕಾಗದ ಬರೆಯುತ್ತ ಬರೆಯುತ್ತ ಅಕ್ಷರ ಕೂಡಿಸಿಕೊಂಡವನು. ನಮ್ಮ ವಂಶಾವಳಿಯನ್ನು ಬರೆದಿಡೋಣವೆಂದು ಹೊರಟಾಗ ಎಲ್ಲರ ವಿವರವೂ ಸಿಕ್ಕಿತು. ಅಜ್ಜಿಯ ವಿಷಯ ಬಂದಾಗ ಮಾತ್ರ ಎಲ್ಲರ ಬಾಯಿಗೂ ಬೀಗ. ಸಾಂಕ್ರಾಮಿಕದ ವರ್ಷ ಆಸ್ಪತ್ರೆಗೆ ಹೋದವಳು ಹಿಂತಿರುಗಲಿಲ್ಲ. ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಅಜ್ಜ ದಿನವೂ ಗೇಟಿಗೆ ಹೋಗಿ ಸತ್ತವರ ಪಟ್ಟಿ ಕೇಳುತ್ತಿದ್ದನಂತೆ. “ಆ ಹೆಸರಿನೋರು ಇದ್ರಲ್ಲಿಲ್ಲ, ಹೋಗಯ್ಯ.” ಕೊನೆಗೆ ವಾರ್ಡೇ ಖಾಲಿಯಾಯಿತು. ಸತ್ತಿಲ್ಲ, ಒಳಗಿಲ್ಲ, ಮನೆಗೂ ಬಂದಿಲ್ಲ. ಮತ್ತೆಲ್ಲಿ? ಉತ್ತರವನ್ನು ಓಣಿಯೇ ಕಂಡುಹಿಡಿಯಿತು: ಓಡಿಹೋದಳು.

ನಿಮ್ಮ ದಾಖಲೆ ಕೋಣೆಯ ಕಬ್ಬಿಣದ ಕಪಾಟಿನಲ್ಲಿ, ಹುಳ ತಿಂದ ಎರಡು ಪುಸ್ತಕಗಳಲ್ಲಿ ಅವಳು ಸಿಕ್ಕಳು. ಆಸ್ಪತ್ರೆಗೆ ಸೇರಿದವರ ಪುಸ್ತಕದಲ್ಲಿ ಅವಳ ಹೆಸರು, ವಯಸ್ಸು ಇಪ್ಪತ್ತೊಂಬತ್ತು, ಗಂಡ ಹಗ್ಗದ ಕಾರ್ಖಾನೆಯಲ್ಲಿ ಹುರಿ ಹೊಸೆಯುವವನು, ಮಕ್ಕಳು ಮೂರು, ಗುರುತು, ಎಡಗೈಯ ಕಿರುಬೆರಳಿಲ್ಲ. ಒಂಬತ್ತು ದಿನ ಕಳೆದು ಮರಣದ ಪುಸ್ತಕದಲ್ಲಿ ಅದೇ ಹೆಸರು, ಅದೇ ವಯಸ್ಸು, ಅದೇ ಇಲ್ಲದ ಬೆರಳು. ಆದರೆ ವಾರಸುದಾರರ ಕಾಲಂನಲ್ಲಿ ‘ಸದರಿ’. ಅಂದರೆ ಮೇಲಿನಂತೆಯೇ. ಮೇಲೆ ಯಾರು? ಬೀದಿಯಲ್ಲಿ ಬಿದ್ದಿದ್ದ ಒಬ್ಬ ಅನಾಮಧೇಯ ಮುದುಕ: ‘ವಾರಸುದಾರರಿಲ್ಲ’. ಅವನ ಕೆಳಗೆ ಹನ್ನೊಂದು ಜನ, ಹನ್ನೊಂದು ‘ಸದರಿ’. ವಾರಸುದಾರರಿಲ್ಲದವರ ಹೆಸರನ್ನು ಗೇಟಿನ ಪಟ್ಟಿಗೆ ಸೇರಿಸತಕ್ಕದ್ದಲ್ಲ ಎಂಬ ನಿಯಮವನ್ನು ಅದೇ ಪುಸ್ತಕದ ರಟ್ಟಿನ ಒಳಗೆ ಅಂಟಿಸಿದ್ದಾರೆ. ಹೆಣಗಳ ಲೆಕ್ಕ ಬರೆದೂ ಬರೆದೂ ಆ ಗುಮಾಸ್ತನ ಕೈ ಸೋತಿರಬೇಕು, ಅವನನ್ನು ಕ್ಷಮಿಸಿದ್ದೇನೆ. ನೆತ್ತಿಯ ಮೇಲೆ ಫ್ಯಾನು ತಿರುಗುತ್ತಿರುವ ನಿಮ್ಮ ಕೈಗೇನಾಗಿದೆ? ಸತ್ತವರೆಂದರೆ ನಿಮಗೆ ಅಷ್ಟು ಸದರವೇ?

ಕೌಂಟರಿನ ಮಹನೀಯರ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ.

“ಯಜಮಾನ್ರೇ, ತಿದ್ದುಪಡಿಗೆ ವಾರಸುದಾರರೇ ಅರ್ಜಿ ಹಾಕ್ಬೇಕು.”

“ನಾನೇ ಕಣಪ್ಪ, ಮೊಮ್ಮಗ.”

“ಇಲ್ಲಿ ವಾರಸುದಾರರೇ ಇಲ್ಲ ಅಂತಿದ್ಯಲ್ಲ. ಮತ್ತೆ ನೀವು ಹೆಂಗಾಗ್ತೀರಿ?”

“ಅದನ್ನೇ ತಿದ್ದಪ್ಪ ಅಂತಿರೋದು.”

“ತಿದ್ದಿದ್ಮೇಲೆ ಬನ್ನಿ, ಅರ್ಜಿ ತಗೋತೀನಿ.”

ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ.

ನನಗೆ ಇದು ವಂಶಾವಳಿಯ ಒಂದು ಸಾಲು. ನನ್ನ ಸೋದರತ್ತೆಗೆ ಹಾಗಲ್ಲ. ಅಜ್ಜಿ ಹೋದಾಗ ಅವರಿಗೆ ನಾಲ್ಕು ವರ್ಷ, ಈಗ ತೊಂಬತ್ತೊಂದು. ಅದೇ ಓಣಿಯಲ್ಲಿ ‘ಓಡಿಹೋದವಳ ಮಗಳು’ ಎನ್ನಿಸಿಕೊಂಡೇ ಮುದುಕಿಯಾದರು. ಬಂದ ಎರಡು ಸಂಬಂಧಗಳೂ ಆ ಮಾತಿಗೇ ಮುರಿದವು, ಮದುವೆಯಾಗಲೇ ಇಲ್ಲ. ಪುಸ್ತಕದಲ್ಲಿ ಕಂಡದ್ದನ್ನು ಅವರ ಕಿವಿಯ ಹತ್ತಿರ ಕೂಗಿ ಹೇಳಿದೆ.

“ಹೌದು ಕಣೋ, ನಾಲ್ಕೇ ಬೆರಳು. ತಲೆ ಬಾಚೋವಾಗ ಗೊತ್ತಾಗೋದು. ಹಂಗಾದ್ರೆ ಅವ್ವ ಓಡಿಹೋಗ್ಲಿಲ್ವಾ?”

“ಇಲ್ಲ ಅತ್ತೆ. ಒಂಬತ್ತೇ ದಿನಕ್ಕೆ ತೀರ್ಕೊಂಡ್ರು.”

“ಕಾಗದ ಕೊಟ್ರಾ?”

“ಇನ್ನೂ ಇಲ್ಲ.”

“ಮತ್ತೆ ಬಾಯಿಮಾತು ತಾನೆ? ಅವಳನ್ನ ಓಡಿಸಿದ್ದೂ ಬಾಯಿಮಾತೇ ಕಣೋ.”

ಹೂತ ಜಾಗವನ್ನು ನಾನು ಕೇಳುವುದಿಲ್ಲ. ಒಂದೇ ಗುಂಡಿಯಲ್ಲಿ ಹತ್ತಾರು ಜನರನ್ನು ಹಾಕಿದ ಮೇಲೆ ಗುರುತೆಲ್ಲಿ ಉಳಿದೀತು? ನಿಮ್ಮ ವಿಷಾದವೂ ಬೇಡ. ಆ ‘ಸದರಿ’ಯ ಮೇಲೆ ಕೆಂಪು ಗೀಟು ಎಳೆದು, ಅಜ್ಜನ ಹೆಸರನ್ನೂ ಮೂರು ಮಕ್ಕಳ ಹೆಸರನ್ನೂ ಬರೆಯಿರಿ. ಉಳಿದ ಹತ್ತು ಜನರನ್ನೂ ಎರಡು ಪುಸ್ತಕಗಳಲ್ಲಿ ತಾಳೆ ನೋಡಿ. ಅವರಿಗಾಗಿಯೂ ಯಾರೋ ಗೇಟಿನಲ್ಲಿ ನಿಂತಿದ್ದಿರಬೇಕು. ನಕಲನ್ನು ಅಂಚೆಯಲ್ಲಿ ಕಳಿಸಬೇಡಿ. ಮೊಹರು ಒತ್ತಿ, ಗಟ್ಟಿ ಗಂಟಲಿನ ಒಬ್ಬ ನೌಕರನ ಕೈಯಲ್ಲಿ ಕಳಿಸಿ. ಅವನು ಮನೆಯೊಳಗೆ ಬರಬೇಕಾಗಿಲ್ಲ, ಓಣಿಯ ನಡುವೆ ನಿಂತು ಓದಲಿ. ಅತ್ತೆಗೆ ಕಿವಿ ಮಂದ. ಓಣಿಗೆ ಚೆನ್ನಾಗಿಯೇ ಕೇಳಿಸುತ್ತದೆ.

ಇಂತಿ,
ನಿಮ್ಮ ಪುಸ್ತಕದ ಪ್ರಕಾರ ಇನ್ನೂ ಹುಟ್ಟದಿರುವ
ಎಪ್ಪತ್ತರ ಮೊಮ್ಮಗ