ಅಮೋಘನ ಹೆಸರಿಗೆ ಬರೆದ ಕಿಕ್‌ಗಳು

ಲಾಸ್ ಏಂಜಲೀಸ್
ಸೋಮವಾರ, 21 ಅಕ್ಟೋಬರ್ 2024

ಪ್ರೀತಿಯ ರಾಜಲಕ್ಷ್ಮಿ ಅತ್ತೆಗೆ,

ಫೋನ್ ಮಾಡದೆ ಹೀಗೆ ಈಮೇಲ್ ಬರೆಯುತ್ತಿರುವುದಕ್ಕೆ ಮೊದಲಿಗೆ ಕ್ಷಮೆ ಇರಲಿ. ನಿಮ್ಮ ದನಿ ಕೇಳಿದರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ಇದನ್ನು ಅಮೋಘನಿಗೆ ಓದಿ ಹೇಳಿ. ಅವನಿಗೆ ಕನ್ನಡ ಓದಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ನಾನು ಡೇಟಾ, ಮಾಡೆಲ್ ಎಂಬ ಮಾತುಗಳ ಹಿಂದೆ ಅಡಗಿಕೊಳ್ಳುತ್ತೇನೆ.

ನಿಮ್ಮ ಮಗ ಆಟಕ್ಕಿಳಿಯದೆ ಬೆಂಚಿನ ಮೇಲೆ ಕೂತಿರುವುದು ನನ್ನಿಂದ.

ನನ್ನ ಕ್ಲಾಸಿನ ಸ್ಟ್ಯಾಟಿಸ್ಟಿಕ್ಸ್ ಪ್ರಾಜೆಕ್ಟಿಗೆಂದು ಅವನ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ಟೀಮಿನ ಸ್ಕೋರ್ ಶೀಟ್ ತೆಗೆದುಕೊಂಡಿದ್ದೆನಲ್ಲ. ಬಾಲ್ ಹಿಡಿದು ಕೊನೆಯ ಗೆರೆ ದಾಟಿ ಟಚ್‌ಡೌನ್ ಆದಮೇಲೆ, ಬಾಲ್ ಒದ್ದು ಕಂಬದ ನಡುವೆ ಹಾಯಿಸಿದರೆ ಒಂದು ಪಾಯಿಂಟ್, ಮತ್ತೆ ಓಡಿ ಗೆರೆ ದಾಟಿದರೆ ಎರಡು. ಅಮೋಘನ ಹತ್ತು ಕಿಕ್‌ನಲ್ಲಿ ಆರು ಹೋಗಿದ್ದವು: ಆರು ಪಾಯಿಂಟ್. ಓಡಿದರೆ ಹತ್ತರಲ್ಲಿ ನಾಲ್ಕೇ ಸಲ ದಾಟಿದರೂ ಎಂಟು. ‘ಕಿಕ್ಕರ್ ವೀಕ್, ಓಡುವುದೇ ಲಾಭ’ ಎಂದು ಚಾರ್ಟ್ ಮಾಡಿ ಕೋಚಿಗೆ ಕಳಿಸಿದೆ. ಅವರು ಒಪ್ಪಿ ಕಿಕ್ಕನ್ನೇ ನಿಲ್ಲಿಸಿಬಿಟ್ಟರು.

“ಇಡೀ ಟೀಮಲ್ಲಿ ಕಾಲಿಗೆ ಕೆಲಸ ಇರೋದು ನನ್ನ ಮಗನಿಗೆ ಒಬ್ಬನಿಗೇ ಕಣಮ್ಮ” ಎಂದು ಗಿರೀಶ ಮಾವ ನಗಿಸುತ್ತಿದ್ದರು. ಹೋದ ವಾರ ಫೋರ್ ಎಸ್ ರ್ಯಾಂಚ್‌ನ ನಿಮ್ಮ ಮನೆಯಲ್ಲಿ ನೀವು ಬಡಿಸುವಾಗ ಅವರು ಆ ಮಾತು ಎತ್ತಲಿಲ್ಲ. ಅಮೋಘ ಎದುರಿಗೇ ಕೂತಿದ್ದ. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ.

“ಮ್ಯಾಚಿಗೆ ಬಾ ಅಕ್ಕಾ, ಶೀಟಲ್ಲಿ ಬಾಲ್ ಕಾಣಲ್ಲ” ಎಂದು ಅಮೋಘ ತನ್ನ ಇಂಗ್ಲಿಷಿನಲ್ಲಿ ಎಷ್ಟು ರೇಗಿಸಿದ್ದ! ಹೋಗಲಿಲ್ಲ. ನಿನ್ನೆ ವಿಡಿಯೋ ನೋಡಿದೆ. ತಪ್ಪಿದ ನಾಲ್ಕರಲ್ಲಿ ಮೂರು ಸಲ, ಬಾಲನ್ನು ನೆಲದ ಮೇಲೆ ನಿಲ್ಲಿಸಿ ಹಿಡಿಯಬೇಕಾದ ಅವನ ಗೆಳೆಯ ಮಾಟೆಯೊ ಕೈಯಿಂದ ಜಾರಿಸಿದ್ದ. ಅಮೋಘನ ಕಾಲು ಬಾಲಿಗೆ ತಾಗೇ ಇಲ್ಲ. ಶೀಟಿನಲ್ಲಿ ಮಾತ್ರ ಅವನ ಹೆಸರು. ನಮ್ಮ ಧಾರವಾಡದ ಹಾಸ್ಟೆಲಿನಲ್ಲಿ ಬಲ್ಬ್ ಯಾರು ಒಡೆದರೂ ರೂಮ್ ಲೀಡರ್ ಹೆಸರಿಗೇ ಬರೆಯುತ್ತಿದ್ದರು. ಲೀಡರ್ ಆಗಿ ಅತ್ತವಳು ನಾನು. ಇಲ್ಲಿಗೆ ಬಂದು ಅದನ್ನೇ ಮಾಡಿದೆ.

ಅಮೋಘನಿಗೆ ಎಲ್ಲ ಗೊತ್ತಿತ್ತು. ಗೆಳೆಯನಿಗಾಗಿ ಬಾಯಿ ಬಿಡಲಿಲ್ಲ. ಹಿಡಿಯುವವನನ್ನು ಬದಲಿಸಿದರೆ ಕಿಕ್ಕೇ ಲಾಭ ಎಂದು ಕೋಚಿಗೆ ಬರೆದಿಟ್ಟಿದ್ದೇನೆ, ಕಳಿಸಿಲ್ಲ. ಕಳಿಸಿದರೆ ಮಾಟೆಯೊ ಬೆಂಚಿಗೆ ಹೋಗುತ್ತಾನೆ. ಕಳಿಸದಿದ್ದರೆ ಈ ಶುಕ್ರವಾರ ತಮ್ಮ ಟೀಮಿಗೆ ಕಿಕ್ಕರ್‌ಗಳನ್ನು ಆರಿಸಲು ಬರುವ ಕಾಲೇಜಿನವರಿಗೆ ಅಮೋಘ ಕಾಣುವುದೇ ಇಲ್ಲ. ಏನು ಮಾಡಲಿ ಎಂದು ಅವನನ್ನೇ ಕೇಳಿ ಹೇಳಿ.

ಮುಖ ತೋರಿಸಲಾಗದ ನಿಮ್ಮ
ಸೌಜನ್ಯಾ

ಇನ್ನೊಂದು ಮಾತು: ನಿನ್ನೆ ನೋಡಿದೆ ಎಂದದ್ದು ಸುಳ್ಳು, ಅತ್ತೆ. ಕೋಚಿಗೆ ಚಾರ್ಟ್ ಕಳಿಸುವ ಮೊದಲೇ ನೋಡಿದ್ದೆ. ಅಷ್ಟರಲ್ಲಿ ಪ್ರೊಫೆಸರ್ ಆ ಚಾರ್ಟನ್ನು ಕ್ಲಾಸಿನ ಮುಂದೆ ಬ್ಯೂಟಿಫುಲ್ ಎಂದುಬಿಟ್ಟಿದ್ದರು. ಈ ಊರಿಗೆ ಬಂದಮೇಲೆ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು. ಇದನ್ನೂ ಬಿಡದೆ ಅವನಿಗೆ ಓದಿ. ದಯವಿಟ್ಟು ಬೇಗ ಉತ್ತರ ಬರೆಯಿರಿ.