ಶನಿವಾರ ಎರಡು ಗಂಟೆಯ ಕಾಪಿ

14-9-1998, ಸೋಮವಾರ

ಬಸ್ಸು ಮತ್ತೆ ಲೇಟು. ಮೇಲುಕೋಟೆ ಬೆಟ್ಟ ಇಳಿಯುವಷ್ಟರಲ್ಲಿ ಟೈರು ಪಂಚರ್. ಫ್ಯಾಕ್ಟರಿ ಗೇಟಿನಲ್ಲಿ ವಾಚ್‌ಮನ್ ಗಡಿಯಾರ ನೋಡಿ ನಕ್ಕ. ನಗಲಿ, ಅವನಪ್ಪನ ಗಂಟೇನು ಹೋಯಿತು.

ಮುಂದಿನ ತಿಂಗಳು ಕಬ್ಬು ಅರೆಯಲು ಶುರು. ಮೊದಲು ನೆಟ್ಟವನಿಗೆ ಮೊದಲು ಕಟಿಂಗ್ ಆರ್ಡರ್. ಇಪ್ಪತ್ತು ವರ್ಷ ಆ ಪಟ್ಟಿ ನನ್ನ ಕೈಬರಹದಲ್ಲಿತ್ತು. ಈ ವರ್ಷದಿಂದ ರಿಜಿಸ್ಟರ್ ಬಂದ್. ಫೀಲ್ಡ್‌ಮನ್ ನೆಟ್ಟ ತಾರೀಖಿನ ಚೀಟಿ ತರುತ್ತಾನೆ, ಒಳಗೆ ಟಕಟಕ ಹೊಡೆಯುತ್ತಾರೆ, ಚೀಟಿ ಬಾಯ್ಲರಿಗೆ. ನಾನೀಗ ಕಂಪ್ಯೂಟರ್ ಸೆಕ್ಷನ್ ಸೂಪರಿಂಟೆಂಡೆಂಟು— ಹೆಸರಿಗೆ. ಕೆಲಸವೆಲ್ಲ ಆ ಪ್ರಮೀಳಾದು. ಕಿಕ್ಕೇರಿ ಕಡೆ ಗೌಡರ ಹುಡುಗಿ. ಪಾಂಡವಪುರದಲ್ಲಿ ರೂಮು. ಮಾತು ಕಮ್ಮಿ, ಹಟ ಜಾಸ್ತಿ.

ನಮ್ಮ ದೊಡ್ಡ ಮಿಷನ್ನಿನಲ್ಲಿರುವುದನ್ನೆಲ್ಲ ಶ್ರೀರಂಗಪಟ್ಟಣದ ಟೌನ್ ಆಫೀಸಿನ ಮಿಷನ್ನಿಗೆ ಕಾಪಿ ಕಳಿಸುತ್ತಾಳೆ, ಫೋನ್ ಲೈನಿನಲ್ಲಿ. ಇಲ್ಲಿ ಬೆಂಕಿ ಬಿದ್ದರೂ ಅಲ್ಲಿ ಉಳಿಯಲಿ ಅಂತ. ಲೈನು ಆಮೆ ನಡಿಗೆ. ಅದಕ್ಕೆ ತಾಲ್ಲೂಕಿಗೊಂದು ದಿನ ಹಂಚಿದ್ದಾಳೆ. ಸೋಮವಾರ ನಾಗಮಂಗಲ, ಮಂಗಳವಾರ ಪಾಂಡವಪುರ, ಗುರುವಾರ ಶ್ರೀರಂಗಪಟ್ಟಣ, ಶನಿವಾರ ಕೆ.ಆರ್.ಪೇಟೆ. ಮಧ್ಯಾಹ್ನ ಎರಡು ಗಂಟೆಗೆ, ಎಲ್ಲರೂ ಊಟಕ್ಕೆ ಎದ್ದಾಗ. ಮಿಷನ್ನು ತಾನೇ ಡಯಲ್ ಮಾಡಿಕೊಳ್ಳುತ್ತದೆ. ಹೊಸ ಕಾಪಿ ಹೋದರೆ ಹಳೆಯದು ಅಳಿಯುತ್ತದೆ. ನನಗೇಕೋ ಇದು ಮುನಿಸಿಪಾಲಿಟಿ ನಲ್ಲಿ ನೀರಿನ ವ್ಯವಹಾರ ಅನ್ನಿಸಿತು. ಹೇಳಿದೆ. ಅವಳು ನಗಲೂ ಇಲ್ಲ.

19-9, ಶನಿವಾರ

ಬೆಂಗಳೂರಿನಿಂದ ಟೈ ಕಟ್ಟಿದವನೊಬ್ಬ ಬಂದಿದ್ದ. ಹೊಸ ಮಿಷನ್ನು ಮಾರಲು. ಅದರ ಹೆಸರು ರೆಪ್ಲಿಕೇಶನ್ನಂತೆ. ಇಲ್ಲಿ ಒಂದಕ್ಷರ ಬದಲಾದರೆ ಆ ಕ್ಷಣವೇ ಅಲ್ಲೂ ಬದಲು! ಎಂ.ಡಿ. ತಲೆ ಆಡಿಸಿದರು. ನಾನೂ ಆಡಿಸಿದೆ. ಪ್ರಮೀಳಾ ಮಾತ್ರ ಕೂತಲ್ಲಿಂದಲೇ:

"ಸಾರ್, ಇಲ್ಲಿ ತಪ್ಪಾದ್ರೆ ಅಲ್ಲೂ ಆ ಕ್ಷಣಾನೇ ತಪ್ಪಾಗೋಯ್ತದಲ್ಲ. ಆಮೇಲೆ ಸರಿಯಾಗಿರೋದು ಎಲ್ಲಿ ಹುಡುಕೋದು?"

ಟೈಯವನು ಇಂಗ್ಲಿಷಿನಲ್ಲಿ ಏನೋ ಗೊಣಗಿದ. ಇವಳು ಬಿಡಲಿಲ್ಲ. "ಮನೇಲಿ ಇರೋ ಬರೋ ಮೊಸರನ್ನೆಲ್ಲ ಒಂದೇ ದಿನ ಕಡಿದುಬಿಡ್ತಾರಾ ಸಾರ್? ಹೆಪ್ಪಿಗೆ ಅಂತ ಒಂಚೂರು ನಿನ್ನೇದು ಎತ್ತಿಡಲ್ವಾ?"

ಎಂ.ಡಿ. ನಕ್ಕುಬಿಟ್ಟರು. ಮಿಷನ್ನು ವಾಪಸ್. ಮನೆಗೆ ಬಂದು ಇಂದಿರಗೆ ಹೇಳಿದೆ. "ನಿಮಗಿಂತ ವಾಸಿ ಬಿಡಿ ಅವಳು" ಅಂದಳು. ನನ್ನ ಹೆಂಡತಿಗೆ ಎಲ್ಲರೂ ನನಗಿಂತ ವಾಸಿಯೇ. ಆದರೆ ಈ ಸಲ... ಹೌದು. ಭಲೇ ಹುಡುಗಿ.

30-9, ಬುಧವಾರ. ಆಯುಧಪೂಜೆ

ಗಮ್ಮತ್ತು. ಬಾಗಿಲಿಗೆ ಬಾಳೆಕಂದು, ಮಿಷನ್ನಿಗೆ ಸೇವಂತಿಗೆ ಹಾರ. ಪ್ಯೂನ್ ನರಸಯ್ಯ ಮಡಿ ಪಂಚೆ ಉಟ್ಟು ಒದ್ದೆ ಬಟ್ಟೆಯಲ್ಲಿ ಕೀಬೋರ್ಡುಗಳನ್ನೆಲ್ಲ ತಿಕ್ಕಿದ್ದೇ ತಿಕ್ಕಿದ್ದು. "ಮೆತ್ತಗೆ ಕಣಯ್ಯಾ" ಅಂದರೆ "ವರ್ಸಕ್ಕೊಂದ್ ದಿನ ಸ್ವಾಮಿ, ಮೈ ತೊಳೀಬೇಕು" ಅಂತಾನೆ. ಒಂದೊಂದು ಗುಂಡಿಗೂ ಅರಿಸಿನ, ಕುಂಕುಮ. ಪ್ರಮೀಳಾ ಹಬ್ಬಕ್ಕೆ ಬೆಳಿಗ್ಗೆಯೇ ಊರಿಗೆ ಹೋಗಿದ್ದಳು. ಇದ್ದಿದ್ದರೆ ನರಸಯ್ಯನಿಗೆ ಮಂಗಳಾರತಿ ಆಗುತ್ತಿತ್ತು.

ನಾಳೆ, ನಾಡಿದ್ದು ರಜ.

3-10, ಶನಿವಾರ. ಬೆಳಿಗ್ಗೆ 11

ಕಿಕ್ಕೇರಿ ವಿಭಾಗದ ಮೊದಲ ಪಟ್ಟಿ ಬೋರ್ಡಿಗೆ ಅಂಟಿಸಿದ್ದಾಯಿತು. ಜನವೋ ಜನ. ಮೊದಲ ಹೆಸರು ಕೆಂಪಣ್ಣ— ಪ್ರಮೀಳಾಳ ತಂದೆ! ಮುದುಕ ಚೀಲದ ತುಂಬ ಬಾಳೆಹಣ್ಣು ತಂದು ಸಿಕ್ಕಸಿಕ್ಕವರಿಗೆಲ್ಲ ಕೊಡುತ್ತಿದ್ದಾನೆ. ನನಗೂ ಎರಡು.

"ನನ್ ಮಗಳು ಒಳಗ್ ಕೂತವಳಲ್ಲ ಸ್ವಾಮಿ, ಸುಮ್ಕೆ ಕೂತವಳಾ? ಇಷ್ಟ್ ದಿನ ಯಾನೋ ಡಬ್ಬ ಕುಟ್ತಾಳೆ ಅನ್ಕಂಡಿದ್ದೆ. ಈಗ್ ಕಡುದ್ರೆ ಮತ್ ಚಿಗುರೋ ಕೂಳೆಗೆ ನಾಲೆ ನೀರು ಪಸಂದಾಗಿ ಸಿಗ್ತದೆ."

ಸುತ್ತ ನಿಂತವರು ಮುಖ ಮುಖ ನೋಡಿಕೊಂಡರು. ಮಗಳೇ ಮಾಡಿಸಿದ್ದು ಅಂತ ಅಪ್ಪನೇ ಡಂಗೂರ ಹೊಡೆದರೆ ಇನ್ನೇನು ಬೇಕು ಅವರಿಗೆ. ನನಗೂ ಒಂದು ಗಳಿಗೆ... ಛೆ. ಅವಳಾ? ಇರಲಾರದು.

ಮಧ್ಯಾಹ್ನ 1.20

 ಬರೆದರೆ ಸ್ವಲ್ಪ ಸಮಾಧಾನ.

ಊಟದ ಡಬ್ಬಿ ಬಿಚ್ಚುತ್ತಿದ್ದೆ. ಪ್ರಮೀಳಾ ಬಂದು "ಸಾರ್, ಒಂದ್ನಿಮಿಷ" ಅಂದಳು. ಮುಖದಲ್ಲಿ ರಕ್ತವಿಲ್ಲ. ಪರದೆಯ ಮೇಲೆ ಅವಳಪ್ಪನ ಲೆಕ್ಕ. ಕಬ್ಬು ನೆಟ್ಟದ್ದು ಹೋದ ಅಕ್ಟೋಬರ್ ಅಂತಿದೆ.

"ನಮ್ಮಪ್ಪ ನೆಟ್ಟಿದ್ದು ಸಂಕ್ರಾಂತಿ ಆದ್ಮೇಲೆ ಸಾರ್. ಆಳುಗಳಿಗೆ ನಾನೇ ಬುತ್ತಿ ಹೊತ್ಕೊಂಡು ಹೋಗಿದ್ದೆ."

ಕೆಳಗಿನ ಹೆಸರು ನೋಡಿದೆವು. ಅದೇ ತಾರೀಖು. ಅದರ ಕೆಳಗಿನದು, ಅದರ ಕೆಳಗಿನದು... ಕಿಕ್ಕೇರಿ ವಿಭಾಗಕ್ಕೆಲ್ಲ ಒಂದೇ ತಾರೀಖು! ತಾರೀಖು ಒಂದೇ ಆದರೆ ಷೇರು ನಂಬರಿನ ಮೇಲೆ ಸರದಿ. ಕೆಂಪಣ್ಣನದು ಹಳೇ ಷೇರು, ಅದಕ್ಕೇ ಮೊದಲು. ನರಸಯ್ಯನನ್ನು ಕರೆದು ಕೇಳಿದರೆ ಧೈರ್ಯವಾಗಿ ಹೇಳಿದ: ಹಬ್ಬದ ದಿನ ಆ ಒಂದು ಟಿ.ವಿ. ಉರೀತಾ ಇತ್ತು, ತಿಕ್ಕುವಾಗ ಕೀ ಕೀ ಅಂತ ಕೂಗಿತು, "ಅದರ್ ಮ್ಯಾಲೇ ಒರುಸ್ದೆ, ಸುಮ್ಕಾಯ್ತು." ಆಪರೇಟರು ತಾರೀಖು ತಿದ್ದುವ ಪರದೆ ಮುಚ್ಚದೆ ಎದ್ದು ಹೋಗಿದ್ದಾನೆ. ಮಿಷನ್ನು "ಎಲ್ಲಾ ಬದಲಿಸಲೇ?" ಅಂದಿದೆ. ಒದ್ದೆ ಬಟ್ಟೆ ಹೂಂ ಅಂದಿದೆ. ರಾಮ ರಾಮ!

ಚೀಟಿಗಳು ಬಾಯ್ಲರಿನಲ್ಲಿ ಬೂದಿ. ಸರಿಯಾದ ತಾರೀಖು ಉಳಿದಿರುವುದು ಒಂದೇ ಕಡೆ— ಶ್ರೀರಂಗಪಟ್ಟಣದ ಮಿಷನ್ನಿನಲ್ಲಿ, ಹೋದ ಶನಿವಾರದ ಕಾಪಿ. ಇವತ್ತು ಶನಿವಾರ, ಕಿಕ್ಕೇರಿ ಸೇರಿದ ಕೆ.ಆರ್.ಪೇಟೆ ತಾಲ್ಲೂಕಿನ ಸರದಿ. ಎರಡು ಗಂಟೆಗೆ ಇಲ್ಲಿನ ತಪ್ಪು ಅಲ್ಲಿಗೆ ಹೋಗಿ ಕೂರುತ್ತದೆ.

ಅಂದರೆ ಅವಳು ಏನೂ ಮಾಡಬೇಕಿಲ್ಲ. ಸುಮ್ಮನೆ ಊಟಕ್ಕೆ ಎದ್ದು ಹೋದರೆ ಸಾಕು. ಆಮೇಲೆ ಬ್ರಹ್ಮ ಬಂದರೂ ಹೇಳಲಾರ. ಅಪ್ಪನ ಕಬ್ಬು ಮೊದಲು, ಅಪ್ಪನ ಮಾನ ಭದ್ರ. ನಿಲ್ಲಿಸಿದರೆ— ಹೊರಗೆ ಬಾಳೆಹಣ್ಣು ಹಂಚುತ್ತಿರುವ ಮನುಷ್ಯನನ್ನು ಆ ಜನದ ಎದುರೇ ಕೆಳಗಿಳಿಸಬೇಕು, ಹೆತ್ತ ಮಗಳೇ.

ನನ್ನ ಬಾಯಿಂದ ಬಂದುಬಿಟ್ಟಿತು: "ಸೋಮವಾರ ಎಂ.ಡಿ.ಯವರನ್ನು ಕೇಳಿ ನೋಡೋಣವೇನಮ್ಮ?"

"ಸೋಮವಾರ ಕೇಳಕ್ಕೆ ಏನಿರ್ತದೆ ಸಾರ್" ಅಂದಳು. ಬಗ್ಗಿದಳು. ಗೋಡೆಯಿಂದ ಫೋನ್ ವೈರು ಕಿತ್ತು ನನ್ನ ಟೇಬಲ್ಲಿನ ಮೇಲೆ ಇಟ್ಟಳು.

ಸಂಜೆ

ಬೋರ್ಡಿನಿಂದ ಪಟ್ಟಿ ಅವಳೇ ತೆಗೆದಳು. ನಾನು ಪಕ್ಕದಲ್ಲಿ ನಿಂತಿದ್ದೆ, ಅಷ್ಟೇ. "ಮಿಷನ್ನಲ್ಲಿ ತಪ್ಪಾಗೈತೆ, ಇದು ಸರಿಯಾದ ಪಟ್ಟಿಯಲ್ಲ. ಸೋಮವಾರ ಸರಿಯಾದ್ದು ಹಾಕ್ತೀವಿ." ಗಲಾಟೆ. ಕೆಂಪಣ್ಣ ಕೇಳಿದ:

"ನಂದು ಎಷ್ಟ್‌ನೇದಾಯ್ತದೆ ಮಗ?"

"ಗೊತ್ತಿಲ್ಲ ಅಪ್ಪ. ಸಂಕ್ರಾಂತಿ ಕಳೀಬೇಕು."

ಹಿಂದಿನಿಂದ ಯಾವನೋ ಕಿಸಕ್ಕನೆ ನಕ್ಕ. ಕೆಂಪಣ್ಣ ಖಾಲಿ ಚೀಲ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಗೇಟಿನ ಕಡೆ ನಡೆದ. ಮಗಳ ಕಡೆ ತಿರುಗಲಿಲ್ಲ. 

5-10, ಸೋಮವಾರ

ನಿನ್ನೆ ಭಾನುವಾರ ಪೂರ್ತಿ ಕೂತಿದ್ದಳಂತೆ. ಕಾಪಿ ಶ್ರೀರಂಗಪಟ್ಟಣದಿಂದ ವಾಪಸ್ ಬಂತು. ನಡುವೆ ಲೈನು ಎಷ್ಟೋ ಸಲ ಸತ್ತು ಬದುಕಿತಂತೆ. ಆ ವಾರದ ಹೊಸ ಎಂಟ್ರಿಗಳನ್ನು ಫೀಲ್ಡ್‌ಮನ್‌ಗಳನ್ನು ಕರೆಸಿ ಮತ್ತೆ ಹೊಡೆದಳು. ಹತ್ತು ಗಂಟೆಗೆ ಹೊಸ ಪಟ್ಟಿ. ಕೆಂಪಣ್ಣ ಇನ್ನೂರ ಹನ್ನೊಂದನೆಯವನು.

ಎಂ.ಡಿ. ಕರೆದು ಶಹಭಾಸ್ ಅಂದರು. ಅವಳು ಅಂದದ್ದು: "ನರಸಯ್ಯನ್ನ ಬೈಬೇಡಿ ಸಾರ್. ಪರದೆ ಮುಚ್ಚದೆ ಯಾರೂ ಏಳಬಾರದು ಅಂತ ರೂಲ್ ಮಾಡಿ."

ನನ್ನ ಸರ್ವಿಸಿನಲ್ಲಿ ಎಂತೆಂಥವರನ್ನೋ ನೋಡಿದೆ. ಇಂಥವರನ್ನು ನೋಡಲಿಲ್ಲ. ಚಲುವರಾಯಸ್ವಾಮಿ ಆಣೆ.

22-10, ಗುರುವಾರ

ದೀಪಾವಳಿಗೂ ಊರಿಗೆ ಹೋಗಲಿಲ್ಲ ಹುಡುಗಿ. ಕೇಳಿದರೆ "ಕೆಲ್ಸ ಐತೆ ಸಾರ್." ಸುಳ್ಳು. ಅಪ್ಪ ಮಾತು ಬಿಟ್ಟಿದ್ದಾನೆ. "ಊರ್ ಮುಂದೆ ನನ್ ಮೀಸೆ ಬೋಳುಸ್ಬುಟ್ಲು" ಅಂದನಂತೆ. ನರಸಯ್ಯ ತಂದ ಸುದ್ದಿ. ಅವನು ಈಗ ಕೀಬೋರ್ಡು ಕಂಡರೆ ದೂರದಿಂದಲೇ ಕೈ ಮುಗಿಯುತ್ತಾನೆ.

ಇಂದಿರ ಡಬ್ಬಿಯಲ್ಲಿ ಒಬ್ಬಟ್ಟು ಕಳಿಸಿದ್ದಳು. ಪ್ರಮೀಳಾ ಎರಡು ತಿಂದಳು. "ಅಮ್ಮಾವ್ರಿಗೆ ಚೆನ್ನಾಗಿತ್ತು ಅಂತ ಹೇಳಿ ಸಾರ್." ಕಣ್ಣು ಪರದೆಯಿಂದ ಎತ್ತಲಿಲ್ಲ. ನಾನು ಏನಾದರೂ ಹೇಳಬೇಕಿತ್ತು.  ನೀನು ಮಾಡಿದ್ದು ಸರಿ ಅಂದರೆ ಅಪ್ಪ ವಾಪಸ್ ಬರುತ್ತಾನೆಯೇ?

11-12, ಶುಕ್ರವಾರ

ಬಹಳ ದಿನವಾಯಿತು ಬರೆದು. ಸೀಸನ್ ಗಲಾಟೆ, ಆಮೇಲೆ ಮಂಡಿನೋವು. ಇವತ್ತು ಬರೆಯದೆ ಇರಲಾರೆ.

ಅಕ್ಕಿಹೆಬ್ಬಾಳಿನ ಚಲುವಯ್ಯ ಜೀಪಿನಲ್ಲಿ ಬಂದ. ದೊಡ್ಡ ಕುಳ, ಡೈರೆಕ್ಟರುಗಳ ಜತೆ ಓಡಾಟ. ಹಿಂದೆ ನಾಲ್ಕು ಜನ. ಸೀದಾ ಕಂಪ್ಯೂಟರ್ ರೂಮಿನ ಬಾಗಿಲಿಗೆ. ತನ್ನ ಕಬ್ಬು ಈ ವಾರವೇ ಕಡಿಯಬೇಕು, ಪಟ್ಟಿಯಲ್ಲಿ ಮೇಲಕ್ಕೆ ಹಾಕು ಅಂತ. ಪ್ರಮೀಳಾ ಆಗಲ್ಲ ಅಂದಳು. ಅವನ ದನಿ ಏರಿತು, ನನ್ನ ಕಡೆ ತಿರುಗಿದ. "ಜಯರಾಮಯ್ಯನೋರೆ, ಯೋಳಿ ಈ ಉಡ್ಗಿಗೆ, ಕೆಲ್ಸ ಬೇಕೋ ಬ್ಯಾಡ್ವೋ ಅಂತ!" ನಾನು ಎದ್ದೆ.  ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಒಂದು ಗುಡುಗು.

ಕೆಂಪಣ್ಣ. ಷೇರುದಾರರ ಸಕ್ಕರೆ ಒಯ್ಯಲು ಬಂದು ಕ್ಯೂನಲ್ಲಿದ್ದ. ಸಕ್ಕರೆ ಚೀಲ ಹೆಗಲ ಮೇಲಿಟ್ಟುಕೊಂಡೇ ಬಂದು ಬಾಗಿಲಿಗೆ ಅಡ್ಡ ನಿಂತ.

"ಯಾರ್ಲಾ ಅದು, ಮ್ಯಾಕ್ ಆಕ್ಸಕ್ ಬಂದಿರೋನು? ಆ ಉಡ್ಗಿ ಎತ್ತಪ್ಪ ನಾನು ಕಣ್ಲಾ! ನನ್ನೇ ಒಂದ್ನೇ ನಂಬರಿಂದ ತಗ್ದು ಇನ್ನೂರ್ ಅನ್ನೊಂದಕ್ ಎಸ್ದವ್ಳೆ ನನ್ ಮಗಳು. ನೀನ್ ಯಾವೂರ್ ದಾಸಯ್ಯ?"

ಕ್ಯೂ ಕ್ಯೂನೇ ಘೊಳ್ಳೆಂದಿತು. ಚಲುವಯ್ಯ ಜೀಪು ಹತ್ತಿದ. ಕೆಂಪಣ್ಣ ಚೀಲ ಇಳಿಸಿ, ಒಳಗೆ ಇಣುಕಿ, ಮೆತ್ತಗೆ "ಉಂಡ್ಯಾ ಮಗ?" ಅಂದ.

ಎರಡು ತಿಂಗಳು ಒಂದು ತೊಟ್ಟು ಕಣ್ಣೀರು ಹಾಕದವಳು, ಬಾಗಿಲಲ್ಲಿ ಕುಸಿದು ಕೂತು, ಎಲ್ಲರ ಎದುರಿಗೇ ಗೊಳೋ ಅಂತ ಅತ್ತುಬಿಟ್ಟಳು. ನರಸಯ್ಯನೂ ಅತ್ತ. ನಾನು ಕನ್ನಡಕ ಒರೆಸುವ ನೆಪದಲ್ಲಿ ಗೋಡೆ ಕಡೆ ತಿರುಗಿ—

ಇಂದಿರ ಊಟಕ್ಕೆ ಕರೆಯುತ್ತಿದ್ದಾಳೆ. ಬಂದೆ, ಬಂದೆ. ಇವಳಿಗೆ ಮೊದಲು ಹೇಳಬೇಕು—